ಕಾಕಂಬಿಯ ವಾಸನೆ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಅಡಿಗೆಮನೆಯಲ್ಲಿ ಒಂದು ಪ್ರಯೋಗ ನಡೆಯಿತು. ಒಂಬತ್ತು ವರ್ಷದ ನನ್ನ ಮೊಮ್ಮಗಳು ತಾನೇ ಬ್ರೆಡ್ಡು ಮಾಡುವೆನೆಂದು ಹಟ ಹಿಡಿದು, ಬೋಗುಣಿಯೊಂದರಲ್ಲಿ ಉಗುರುಬೆಚ್ಚನೆಯ ನೀರಿಗೆ ಒಂದು ಚಮಚ ಸಕ್ಕರೆ ಕಲಸಿ, ಅದರ ಮೇಲೆ ಪೊಟ್ಟಣದಲ್ಲಿದ್ದ ಕಂದುಬಣ್ಣದ ಸಣ್ಣ ಕಾಳುಗಳನ್ನು ಉದುರಿಸಿ, ಗಲ್ಲಕ್ಕೆ ಕೈಕೊಟ್ಟು ಕುಳಿತಿದ್ದಳು. ಹತ್ತು ನಿಮಿಷ ಕಳೆಯುವುದರೊಳಗೆ ನೀರಿನ ಮೇಲೆ ನೊರೆ ಕಟ್ಟಿತು. ನೊರೆಯೊಳಗಿನ ಗುಳ್ಳೆಗಳು ಒಂದೊಂದಾಗಿ ಒಡೆಯತೊಡಗಿದವು.

"ತಾತ, ಇದು ಉಸಿರಾಡುತ್ತಿದೆ!" ಎಂದು ಕೂಗಿದಳು.

ಶಾಸ್ತ್ರದ ಪ್ರಕಾರ ಈ ಮಾತು ಪೂರ್ತಿ ಸರಿಯಲ್ಲ. ಆದರೂ ತಿದ್ದುವ ಮನಸ್ಸಾಗಲಿಲ್ಲ. ಬಳಿಗೆ ಹೋಗಿ ಬಗ್ಗಿ ನೋಡಿದೆ. ಬಗ್ಗಿದೊಡನೆ ಮೂಗಿಗೆ ಅಡರಿದ ಆ ವಾಸನೆ, ಸ್ವಲ್ಪ ಹುಳಿ, ಸ್ವಲ್ಪ ಸಿಹಿ, ಸ್ವಲ್ಪ ಅಮಲು, ನನ್ನನ್ನು ಅರವತ್ತೈದು ವರ್ಷ ಹಿಂದಕ್ಕೆ ಎಳೆದೊಯ್ದಿತು.

"ಇದನ್ನು ಎಲ್ಲಿ ಬೆಳೆಯುತ್ತಾರೆ ತಾತ? ಹೊಲದಲ್ಲಿಯೇ?"

"ಹೊಲದಲ್ಲಲ್ಲ ಮಗು, ಕಾಕಂಬಿಯಲ್ಲಿ."

"ಕಾಕಂಬಿ ಎಂದರೇನು?"

ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಮಗುವಿಗೆ ಆ ಹೆಸರು ತಿಳಿಯದಿದ್ದುದರಲ್ಲಿ ಆಶ್ಚರ್ಯವಿಲ್ಲ. ಅವಳಿಗೆ ನಾಲ್ಕು ಮಾತುಗಳಲ್ಲಿ ಹೇಳಿ ಮುಗಿಸಿದೆ. ಉಳಿದದ್ದು ಮನಸ್ಸಿನಲ್ಲಿಯೇ ಉಳಿಯಿತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಬ್ಬನ್ನು ಅರೆದು, ರಸವನ್ನು ಶುದ್ಧಿಮಾಡಿ ಕುದಿಸಿ, ಸಕ್ಕರೆಯ ಹರಳು ಕಟ್ಟಿದ ಮೇಲೆ ಬೇರ್ಪಡಿಸಿದರೆ ಕೊನೆಗೆ ಒಂದು ಕಪ್ಪು ಮಂದಪಾಕ ಉಳಿಯುತ್ತದೆ. ಅದೇ ಕಾಕಂಬಿ. ಒಂದು ಟನ್ ಕಬ್ಬಿಗೆ ಸುಮಾರು 40ರಿಂದ 45 ಕಿಲೋಗ್ರಾಂ. ಅದರ ತೂಕದಲ್ಲಿ ಹೆಚ್ಚುಕಡಮೆ ಅರ್ಧ ಭಾಗ ಸಕ್ಕರೆಯೇ ಆದರೂ, ಅದನ್ನು ಹರಳುಗಟ್ಟಿಸಹೊರಟರೆ ಖರ್ಚು ಹುಟ್ಟುವುದಿಲ್ಲ. ನಮ್ಮ ಹಳ್ಳಿಯ ಆಲೆಮನೆಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಬೆಲ್ಲವೆಂದರೆ ಸಕ್ಕರೆ, ಕಾಕಂಬಿ ಎರಡೂ ಸೇರಿಯೇ ಗಟ್ಟಿಯಾದ ಪದಾರ್ಥ. ಬೇರೆಮಾಡಿ ಒಂದನ್ನು ಬಿಳುಪುಮಾಡಿದಾಗಲೇ ಮತ್ತೊಂದು ಕಸವಾಯಿತು.

ನಾನು ಹುಟ್ಟಿದ್ದು ಮಂಡ್ಯ ಜಿಲ್ಲೆಯಲ್ಲಿ, ವಿಶ್ವೇಶ್ವರಯ್ಯ ನಾಲೆಯ ಬಯಲಿನ ಒಂದು ಹಳ್ಳಿಯಲ್ಲಿ. ಕನ್ನಂಬಾಡಿಯ ನೀರು ಬರುವುದಕ್ಕೆ ಮುಂಚೆ ಅಲ್ಲಿ ರಾಗಿ, ಹುರುಳಿಗಳ ಹೊರತು ಬೇರೇನೂ ಹೆಚ್ಚಾಗಿ ಬೆಳೆಯುತ್ತಿರಲಿಲ್ಲವೆಂದು ನಮ್ಮ ಅಜ್ಜ ಹೇಳುತ್ತಿದ್ದರು. ನಾಲೆ ಬಂದಿತು, ಅದರ ಬೆನ್ನಿಗೇ ಕಬ್ಬು ಬಂದಿತು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯನ್ನು ಕಟ್ಟಿ ಬೆಳೆಸಿದ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪಿತವಾಯಿತು. ಅದೇ ವೇಳೆಗೆ, 1932ರ ಸಂರಕ್ಷಣಾ ಶಾಸನದ ಆಸರೆಯಿಂದ, ಇಡೀ ದೇಶದಲ್ಲಿ ಸಕ್ಕರೆಯ ಗಿರಣಿಗಳು ಮಳೆಗಾಲದ ಅಣಬೆಗಳಂತೆ ಎದ್ದಿದ್ದವು. ಸಕ್ಕರೆ ಮಾರಾಟವಾಯಿತು. ಕಾಕಂಬಿಯನ್ನು ಕೇಳುವವರಿರಲಿಲ್ಲ. ಅದನ್ನು ಹೊಂಡಗಳಿಗೆ ಸುರಿದರು, ದನಗಳಿಗೆ ತಿನ್ನಿಸಿದರು, ಹೊಲಕ್ಕೆ ಗೊಬ್ಬರವಾಗಿ ಹಾಕಿದರು, ರಸ್ತೆಗೆ ಟಾರಿನ ಬದಲು ಬಳಿಯಬಹುದೇ ಎಂದೂ ಪ್ರಯೋಗ ಮಾಡಿದರು. ಮಳೆ ಬಂದರೆ ಕರಗುವ ರಸ್ತೆಯನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

ನಮ್ಮ ಮನೆಗೂ ಕಾಕಂಬಿ ಬರುತ್ತಿದ್ದಿತು, ಎತ್ತುಗಳ ಬೂಸಕ್ಕೆ ಬೆರಸಲೆಂದು. ಕೊಟ್ಟಿಗೆಯ ಮೂಲೆಯಲ್ಲಿ ಒಂದು ತಗಡಿನ ಪೀಪಾಯಿ ಇದ್ದಿತು. ಹಗಲು ಅದರಿಂದ ಎತ್ತುಗಳಿಗೆ ಸಂದದ್ದೆಷ್ಟೋ, ರಾತ್ರಿ ಅದರಿಂದ ಬೇರೊಂದು ಕಡೆಗೆ ಹೋದದ್ದೆಷ್ಟೋ ನಮಗೆ ಮಕ್ಕಳಿಗೆ ತಿಳಿಯದು. ಊರ ಹೊರಗಿನ ಹಳ್ಳದಲ್ಲಿ ಜಾಲಿಯ ತೊಗಟೆಯೊಡನೆ ಕಾಕಂಬಿಯನ್ನು ಕೊಳೆಹಾಕಿ, ಮಡಕೆಯ ಮೇಲೆ ಮಡಕೆ ಬೋರಲು ಹಾಕಿ ಸಾರಾಯಿ ಇಳಿಸುತ್ತಿದ್ದರು. ನಮ್ಮ ಚಿಕ್ಕಪ್ಪ ಆ ಹಳ್ಳದ ದಾರಿ ಹಿಡಿದರು. ಊರಿಗೆಲ್ಲ ಅಚ್ಚುಕಟ್ಟಾಗಿ ಬೆಲ್ಲದ ಹದ ನೋಡುತ್ತಿದ್ದ ಕೈ ಅವರದು. ಪಾಕದ ಒಂದು ಹನಿಯನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉರುಟಿದರೆ ಸಾಕು, ಇನ್ನೆಷ್ಟು ಹೊತ್ತು ಉರಿ ಬೇಕೆಂದು ಹೇಳಿಬಿಡುತ್ತಿದ್ದರು. ಕೊನೆಕೊನೆಗೆ ಆ ಬೆರಳುಗಳೇ ನಡುಗುತ್ತಿದ್ದವು. 1960ರ ಸಂಕ್ರಾಂತಿಯ ಹಿಂದಿನ ವಾರ ಅವರು ತೀರಿಕೊಂಡರು. ನನಗಾಗ ಹನ್ನೊಂದು ವರ್ಷ.

ತಿಥಿಯೆಲ್ಲ ಮುಗಿದ ಮರುದಿನ ನಮ್ಮ ತಾಯಿ ಒಬ್ಬಳೇ ಆ ಪೀಪಾಯಿಯನ್ನು ಉರುಳಿಸಿಕೊಂಡು ಹೋಗಿ ತಿಪ್ಪೆಯ ಮೇಲೆ ಕವುಚಿ ಬಂದಳು. "ಇನ್ನು ಈ ಕಪ್ಪುಪಾಕ ನಮ್ಮ ಹೊಸಿಲು ದಾಟಕೂಡದು" ಎಂದಳು. ಎತ್ತುಗಳು ಆ ವರ್ಷದಿಂದ ಬರೀ ಬೂಸ ತಿಂದವು.

ಇಂತಹ ತಾಯಿಯ ಮಗನಾದ ನಾನು ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ, 1972ರಲ್ಲಿ ಒಂದು ಸಕ್ಕರೆ ಕಾರ್ಖಾನೆಗೆ ಸೇರಿದ ಡಿಸ್ಟಿಲರಿಯಲ್ಲಿ ಸಹಾಯಕ ಕೆಮಿಸ್ಟನಾಗಿ ಕೆಲಸಕ್ಕೆ ಸೇರಿದೆ. ಕಾರ್ಖಾನೆಯ ಹೆಸರನ್ನೂ ಊರನ್ನೂ ಬರೆಯುವುದಿಲ್ಲ, ಕಾರಣ ಮುಂದೆ ತಿಳಿದೀತು. ಮನೆಯಲ್ಲಿ "ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ" ಎಂದಷ್ಟೇ ಹೇಳಿದ್ದೆ. ಅದು ಸುಳ್ಳಲ್ಲ, ನಿಜವೂ ಅಲ್ಲ. ತಂದೆ ತೀರಿಕೊಂಡಿದ್ದರಿಂದ ತಾಯಿಯನ್ನು ನನ್ನೊಡನೆ ಕರೆದುಕೊಂಡು ಬಂದಿದ್ದೆ. ಮೂರನೆಯ ದಿನ ಸಂಜೆ ನಾನು ಬಿಚ್ಚಿಟ್ಟ ಅಂಗಿಯನ್ನು ಒಗೆಯಲೆಂದು ಎತ್ತಿಕೊಂಡವಳು ಹಾಗೆಯೇ ನಿಂತುಬಿಟ್ಟಳು. ಅಂಗಿಯನ್ನು ಒಮ್ಮೆ ಮೂಸಿ ನೋಡಿದಳು.

"ಇದು ನಿನ್ನ ಚಿಕ್ಕಪ್ಪನ ವಾಸನೆ" ಎಂದಳು.

ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ಆ ದಿನದಿಂದ ನನ್ನ ಅಂಗಿಗಳನ್ನು ಬೇರೆಯ ಬಕೆಟ್ಟಿನಲ್ಲಿ ಒಗೆಯತೊಡಗಿದಳು. ಮನೆಗೆ ಬ್ರೆಡ್ಡು ಬಾರದಂತೆ ಮಾಡಿದ್ದೂ ಆಗಲೇ. ಬೇಕರಿಯವರು ಹಿಟ್ಟು ಉಬ್ಬಿಸುವುದೂ ಇಂತಹದೇ ಪದಾರ್ಥದಿಂದ ಎಂದು ಯಾರೋ ನೆರೆಯಾಕೆ ಹೇಳಿದ್ದಳಂತೆ. ಆ ಕಾಲಕ್ಕೆ ನಮ್ಮಂತಹವರ ಮನೆಗಳಲ್ಲಿ ಬ್ರೆಡ್ಡೆಂದರೆ ಜ್ವರ ಬಂದವರ ಆಹಾರ. ನಮ್ಮ ಮನೆಯಲ್ಲಿ ಮಾತ್ರ ಜ್ವರ ಬಂದರೂ ಗಂಜಿಯೇ. "ನಿನ್ನ ಇಡ್ಲಿಯ ಹಿಟ್ಟು ಉಬ್ಬುವುದಿಲ್ಲವೇ ಅಮ್ಮ, ಅದರಲ್ಲಿಯೂ ಸೂಕ್ಷ್ಮಜೀವಿಗಳೇ ಇರುವುದು" ಎಂದು ನಾನು ಒಮ್ಮೆ ವಾದಿಸಿದೆ. "ಅದು ನಮ್ಮ ಮನೆಯ ಹುಳಿ" ಎಂದು ಮಾತು ಮುಗಿಸಿದಳು. ಇಡ್ಲಿಯ ಹಿಟ್ಟಿನಲ್ಲಿ ಹೆಚ್ಚಿನ ಕೆಲಸ ಬ್ಯಾಕ್ಟೀರಿಯಗಳದು, ಯೀಸ್ಟಿನದಲ್ಲ. ಆದ್ದರಿಂದ ಶಾಸ್ತ್ರವೂ ಅವಳ ಪಕ್ಷವನ್ನೇ ಹಿಡಿದಂತಾಯಿತು!

ಆದರೆ ಆ ಕೆಲಸವನ್ನು ನಾನು ಪ್ರೀತಿಸಿದೆನೆಂಬುದನ್ನು ಮುಚ್ಚಿಡಲಾರೆ.

ಯೀಸ್ಟೆಂಬುದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಸಣ್ಣದಾದ ಒಂದೇ ಕೋಶದ ಜೀವಿ, ಅಣಬೆಯ ದೂರದ ಬಂಧು. ಮೊದಲಿಗೆ ಒಂದು ಗಾಜಿನ ನಳಿಕೆಯಲ್ಲಿ, ಅಗರ್ ಎಂಬ ಲೋಳೆಯ ಮೇಲೆ, ಕೆನೆ ಸವರಿದಂತೆ ಇರುತ್ತದೆ. ಅದನ್ನು ತಂತಿಯ ತುದಿಯಲ್ಲಿ ಎತ್ತಿ, ಕುದಿಸಿ ಆರಿಸಿದ ಸಿಹಿನೀರಿಗೆ ಬಿಡಬೇಕು. ಅನುಕೂಲ ದೊರೆತರೆ ಎರಡು ಗಂಟೆಗೊಮ್ಮೆ ಒಂದು ಎರಡಾಗುತ್ತದೆ. ನಳಿಕೆಯಿಂದ ಕೂಜೆಗೆ, ಕೂಜೆಯಿಂದ ಹಂಡೆಗೆ, ಹಂಡೆಯಿಂದ ಮನೆಯಷ್ಟು ಎತ್ತರದ ತೊಟ್ಟಿಗೆ, ಹೀಗೆ ಹೆಜ್ಜೆಹೆಜ್ಜೆಯಾಗಿ ಬೆಳೆಸುತ್ತಿದ್ದೆವು. ಮೊಸರಿಗೆ ಹೆಪ್ಪು ಹಾಕುವ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಕಾಕಂಬಿಯನ್ನು ಹಾಗೆಯೇ ಕೊಟ್ಟರೆ ಯೀಸ್ಟು ಸಾಯುತ್ತದೆ. ಮಂದವಾದ ಪಾಕ ಅದರ ಮೈಯ ನೀರನ್ನೇ ಹೀರಿಬಿಡುತ್ತದೆ. ನಮ್ಮ ಮಾವಿನಕಾಯಿಯ ಮುರಬ್ಬ ಕೆಡದೆ ಉಳಿಯುವುದಕ್ಕೂ ಇದೇ ಕಾರಣ. ಆದ್ದರಿಂದ ಮೂರು ನಾಲ್ಕು ಪಾಲು ನೀರು ಬೆರಸಿ, ತುಸು ಆಮ್ಲ ಹಾಕಿ ಬೇಡದ ಬ್ಯಾಕ್ಟೀರಿಯಗಳನ್ನು ದೂರವಿಟ್ಟು, ಸಾರಜನಕಕ್ಕೆಂದು ಚಿಟಿಕೆ ಯೂರಿಯ ಕೊಟ್ಟು, 30ರಿಂದ 35 ಡಿಗ್ರಿಯ ಉಷ್ಣತೆಯಲ್ಲಿ ಇಡಬೇಕು. ಎರಡನೆಯ ದಿನದ ಹೊತ್ತಿಗೆ ತೊಟ್ಟಿ ಹಾಡತೊಡಗುತ್ತದೆ. ಹೆಂಚಿನ ಮೇಲೆ ಸಣ್ಣ ಮಳೆ ಬೀಳುವ ಸದ್ದನ್ನು ನೆನೆದುಕೊಳ್ಳಿ. ರಾತ್ರಿಯ ಪಾಳಿಯಲ್ಲಿ ದೀಪ ಹೋದಾಗ ಆ ಸದ್ದಿನಿಂದಲೇ ಯಾವ ತೊಟ್ಟಿ ಎಷ್ಟು ಹದಕ್ಕೆ ಬಂದಿದೆಯೆಂದು ನಾನು ಹೇಳಬಲ್ಲವನಾಗಿದ್ದೆ. ಬೆಲ್ಲದ ಹದ ನೋಡುತ್ತಿದ್ದ ಚಿಕ್ಕಪ್ಪನ ರಕ್ತ ನನ್ನಲ್ಲಿಯೂ ಇದ್ದಿತಷ್ಟೆ.

ಆ ಗುಳ್ಳೆಗಳು ಇಂಗಾಲಾಮ್ಲ ಅನಿಲದವು. ಗ್ಲೂಕೋಸಿನ 180 ಭಾಗದಿಂದ 92 ಭಾಗ ಮದ್ಯಸಾರ, 88 ಭಾಗ ಇಂಗಾಲಾಮ್ಲ ಬರಬೇಕೆಂದು ಲೆಕ್ಕ. ಸಕ್ಕರೆಯ ತೂಕದಲ್ಲಿ ಅರ್ಧದಷ್ಟು ಗಾಳಿಯಾಗಿ ಹಾರಿಹೋಗುತ್ತದೆಂದಾಯಿತು. ಬುದ್ಧಿವಂತರು ಅದನ್ನೂ ಹಿಡಿದು ಸೋಡಾ ನೀರಿನವರಿಗೆ ಮಾರುತ್ತಾರೆ. ಆದರೆ ಅದು ವಾಯುವಿಗಿಂತ ಭಾರವಾದ ಅನಿಲ. ಖಾಲಿಯಾದ ತೊಟ್ಟಿಯ ತಳದಲ್ಲಿ ಕಾಣದಂತೆ ಮಲಗಿರುತ್ತದೆ. ಒಳಗಿಳಿಯುವ ಮುನ್ನ ಹಗ್ಗದ ತುದಿಗೆ ದೀಪ ಕಟ್ಟಿ ಇಳಿಬಿಡಬೇಕು, ದೀಪ ಆರಿದರೆ ಮನುಷ್ಯ ಇಳಿಯಕೂಡದು ಎಂಬುದು ಹಿರಿಯ ಕೆಲಸಗಾರರು ನನಗೆ ಕಲಿಸಿದ ಮೊದಲ ಪಾಠ. ಮದ್ಯಸಾರವಾದರೋ ಶೇಕಡ 8, 10ರ ಮೇಲೆ ಏರುವುದು ಕಷ್ಟ. ತಾನು ಮಾಡಿದ ಪದಾರ್ಥವೇ ಯೀಸ್ಟಿಗೆ ವಿಷವಾಗಿ ಅದು ತಣ್ಣಗಾಗುತ್ತದೆ. ಆಮೇಲೆ ಬಟ್ಟಿ ಇಳಿಸಬೇಕು. ಒಂದು ಟನ್ ಕಾಕಂಬಿಗೆ 220ರಿಂದ 250 ಲೀಟರು ಬಂದರೆ ಕೆಮಿಸ್ಟನಿಗೆ ಗೌರವ.

ಇಷ್ಟೆಲ್ಲವನ್ನೂ ಒಂದು ಜೀವಿ ಮಾಡುತ್ತದೆಂದರೆ ನಂಬದಿದ್ದ ಕಾಲವೊಂದಿತ್ತು. 1839ರಲ್ಲಿ ಜರ್ಮನಿಯ ದೊಡ್ಡ ರಸಾಯನಶಾಸ್ತ್ರಜ್ಞರಾದ ವೋಲರ್ ಮತ್ತು ಲೀಬಿಗ್ ತಮ್ಮದೇ ಪತ್ರಿಕೆಯಲ್ಲಿ ಒಂದು ವಿಡಂಬನೆ ಪ್ರಕಟಿಸಿದರು. ಯೀಸ್ಟೆಂಬ ಪ್ರಾಣಿ ಬಟ್ಟಿಯ ಪಾತ್ರೆಯ ಆಕಾರದಲ್ಲಿದೆ, ಸಕ್ಕರೆಯನ್ನು ನುಂಗಿ ಹಿಂದಿನಿಂದ ಮದ್ಯಸಾರವನ್ನು ಬಿಡುತ್ತದೆ ಎಂದು ಹಾಸ್ಯ. ಹದಿನೇಳು ವರ್ಷಗಳ ತರುವಾಯ, 1856ರಲ್ಲಿ, ಫ್ರಾನ್ಸಿನ ಲಿಲ್ ಪಟ್ಟಣದಲ್ಲಿ ಬೀಟ್‌ಗಡ್ಡೆಯಿಂದ ಮದ್ಯಸಾರ ತೆಗೆಯುತ್ತಿದ್ದ ಒಬ್ಬ ಕಾರ್ಖಾನೆದಾರ ತನ್ನ ತೊಟ್ಟಿಗಳು ಹುಳಿಯಾಗುತ್ತಿವೆಯೆಂದು ಲೂಯಿ ಪಾಶ್ಚರ್ ಬಳಿಗೆ ಓಡಿಬಂದನು. ಅವನ ಮಗ ಪಾಶ್ಚರರ ಶಿಷ್ಯನಾಗಿದ್ದನಂತೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳ್ಳೆಯ ತೊಟ್ಟಿಯಲ್ಲಿ ದುಂಡುದುಂಡಾದ ಕೋಶಗಳು, ಕೆಟ್ಟ ತೊಟ್ಟಿಯಲ್ಲಿ ಸಣ್ಣ ಕಡ್ಡಿಗಳು! ಒಂದು ಕಾರ್ಖಾನೆಯ ಕಷ್ಟದಿಂದ ಒಂದು ಶಾಸ್ತ್ರವೇ ಹುಟ್ಟುವ ಹಾದಿ ತೆರೆಯಿತು. ನಮ್ಮಲ್ಲಿಯೂ ಪೂರ್ವಿಕರಿಗೆ ಇದು ಅಪರಿಚಿತವಾಗಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಗೆ ಹಾಕುವ ಹುದುಗಿಗೆ 'ಕಿಣ್ವ' ಎಂಬ ಹೆಸರಿದೆ. ಇಂದು ಕನ್ನಡದ ಪಠ್ಯಪುಸ್ತಕಗಳಲ್ಲಿ ಕಿಣ್ವವೆಂದರೆ ಎನ್‌ಜೈಮ್. ಆ ಎನ್‌ಜೈಮ್ ಎಂಬ ಗ್ರೀಕ್ ಮೂಲದ ಮಾತಿಗೂ 'ಯೀಸ್ಟಿನ ಒಳಗಿರುವುದು' ಎಂದೇ ಅರ್ಥ. ಎರಡು ಭಾಷೆಗಳು ಒಂದೇ ಮಡಕೆಯ ಬಳಿ ಭೇಟಿಯಾಗಿರುವುದು ನನಗೆ ಯಾವಾಗಲೂ ಸಂತೋಷ ಕೊಡುವ ವಿಷಯ.

ಈಗ ಸಂತೋಷ ಕೊಡದ ವಿಷಯಕ್ಕೆ ಬರುತ್ತೇನೆ.

ಒಂದು ಲೀಟರು ಮದ್ಯಸಾರ ಇಳಿಸಿದರೆ ಹಿಂದೆ 8ರಿಂದ 15 ಲೀಟರುಗಳಷ್ಟು ಕಂದುಬಣ್ಣದ ಬಿಸಿನೀರು ಉಳಿಯುತ್ತದೆ. ಕಡತಗಳಲ್ಲಿ ಅದರ ಹೆಸರು ಸ್ಪೆಂಟ್ ವಾಷ್. ನಾವು ಕೆಲಸಗಾರರೆಲ್ಲ ಅದನ್ನು ಕಲಗಚ್ಚು ಎನ್ನುತ್ತಿದ್ದೆವು. ಕಸವನ್ನು ಉಪಯೋಗಕ್ಕೆ ತಂದೆವೆಂದು ಹೆಮ್ಮೆಪಡುವವರು ಸಾಮಾನ್ಯವಾಗಿ ಈ ಕಲಗಚ್ಚಿನ ಮಾತನ್ನು ಎತ್ತುವುದಿಲ್ಲ. ನಾನೂ ಬಹಳ ಕಾಲ ಎತ್ತಲಿಲ್ಲ. ಕಾರ್ಖಾನೆಯ ಹಿಂದೆ ಮಣ್ಣಿನ ಏರಿ ಕಟ್ಟಿದ ದೊಡ್ಡ ಹೊಂಡಗಳಿದ್ದವು. ಕಲಗಚ್ಚು ಅಲ್ಲಿಗೆ ಹೋಗುತ್ತಿದ್ದಿತು. ಬಿಸಿಲಿಗೆ ಆರಬೇಕೆಂದು ನಿಯಮ. ಆರುವುದಕ್ಕಿಂತ ಬರುವುದು ಹೆಚ್ಚಾದಾಗ ಏನಾಗುತ್ತಿದ್ದಿತೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ.

ನೀರಿನ ಕೊಳೆಯನ್ನು ಅಳೆಯುವ ವಿಧಾನ ಸ್ವಾರಸ್ಯವಾದುದು. ಮಾದರಿಯನ್ನು ಸೀಸೆಯಲ್ಲಿ ತುಂಬಿ, ಬಿರಡೆ ಬಿಗಿದು, 20 ಡಿಗ್ರಿಯಲ್ಲಿ ಐದು ದಿನ ಕತ್ತಲೆಯಲ್ಲಿ ಇಟ್ಟು, ಅದರಲ್ಲಿನ ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕವನ್ನು ಕಬಳಿಸಿದವೆಂದು ನೋಡುತ್ತಿದ್ದೆವು. ಹೊಳೆಗೆ ಬಿಡುವ ನೀರಿನಲ್ಲಿ ಆ ಅಂಕಿ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಕಲಗಚ್ಚಿನಲ್ಲಿ ಅದು 40,000ವನ್ನೂ ದಾಟುತ್ತದೆ. ಒಳ್ಳೆಯ ಹೊಳೆಯ ನೀರಿನಲ್ಲಿ ಕರಗಿರುವ ಆಮ್ಲಜನಕವೇ ಲೀಟರಿಗೆ ಏಳೆಂಟು ಮಿಲಿಗ್ರಾಂ. ಇಂತಹ ನೀರಿಗೆ ಅಂತಹದನ್ನು ಬಿಟ್ಟರೆ ಮೀನಿಗೆ ವಿಷವೇ ಬೇಕಾಗಿಲ್ಲ, ಉಸಿರುಕಟ್ಟಿಯೇ ಸಾಯುತ್ತದೆ.

1983ರ ಬೇಸಿಗೆಯ ಒಂದು ರಾತ್ರಿ ಹೊಂಡದ ಏರಿ ಒಡೆಯಿತು. ಒಡೆಯಿತೋ, ಒಡೆದರೋ ನಾನು ಕಣ್ಣಾರೆ ನೋಡಲಿಲ್ಲ. ಬೆಳಗಾಗುವ ಹೊತ್ತಿಗೆ ಪಕ್ಕದ ಹಳ್ಳ ಕಾಫಿಯ ಬಣ್ಣಕ್ಕೆ ತಿರುಗಿ, ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಒಂಬತ್ತು ಗಂಟೆಗೆ ಕಾರ್ಖಾನೆಯ ಬಾಗಿಲಿಗೆ ಒಬ್ಬ ಹೆಂಗಸು ಬಂದಳು. ಸೊಂಟದ ಮೇಲೆ ಹಿತ್ತಾಳೆಯ ಬಿಂದಿಗೆ. ಹಳ್ಳದ ಮರಳಿನಲ್ಲಿ ತೋಡಿದ ಒರತೆಯೇ ಅವರ ಹಟ್ಟಿಗೆ ಕುಡಿಯುವ ನೀರು. ಕಾವಲುಗಾರ ಗದರಿಸಿದರೂ ಅವಳು ಕದಲಲಿಲ್ಲ. ಬಿಂದಿಗೆಯನ್ನು ಇಳಿಸಿ, ನನ್ನ ಕಡೆ ನೋಡಿ, "ಓದಿದವರಂತೆ ಕಾಣುತ್ತೀರಿ. ಇದನ್ನು ಕುಡಿಯಬಹುದೋ ಬಾರದೋ ಹೇಳಿ ಸ್ವಾಮಿ" ಎಂದಳು.

ಕುಡಿಯಬಾರದು ಎಂದೆ. "ಹಾಗಾದರೆ ಯಾವುದನ್ನು ಕುಡಿಯಲಿ?" ಎಂದಳು. ನಾನು ಉತ್ತರ ಕೊಡದೆ ಒಳಗೆ ಹೋದೆ.

ಅಂದು ಮಧ್ಯಾಹ್ನ ಹಳ್ಳದ ನೀರಿನ ಮಾದರಿ ತೆಗೆದು ದಾಖಲೆ ಬರೆಯಬೇಕೆಂದು ಮೇಲಿನಿಂದ ಆಜ್ಞೆಯಾಯಿತು. ಎಲ್ಲಿಂದ ತೆಗೆಯಬೇಕೆಂದೂ ಹೇಳಿದರು. ಹೊಂಡದ ಕಾಲುವೆ ಹಳ್ಳವನ್ನು ಸೇರುವ ಜಾಗಕ್ಕಿಂತ ಮೇಲೆ, ನೂರು ಮಾರು ದೂರದಲ್ಲಿ. ತೆಗೆದೆ. ಐದು ದಿನ ಕಾದು ಅಂಕಿ ಬರೆದು ರುಜು ಹಾಕಿದೆ. ಆ ಅಂಕಿಯಲ್ಲಿ ಒಂದು ಕೂದಲೆಳೆಯಷ್ಟೂ ಸುಳ್ಳಿರಲಿಲ್ಲ. ಜಲಮಾಲಿನ್ಯದ ಕಾಯಿದೆ 1974ರಲ್ಲಿಯೇ ಬಂದಿದ್ದಿತು. ಅದರ ಪ್ರತಿ ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿಯೇ ಇದ್ದಿತು.

ರುಜು ಹಾಕಿದ ದಿನ ರಾತ್ರಿ ಊಟ ಸೇರಲಿಲ್ಲ. ತಾಯಿ ಕೇಳಿದಳು, ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳು ಚಿಕ್ಕಪ್ಪನ ಮಾತೆತ್ತುವಳೆಂದು ಕಾದೆ. ಎತ್ತಲಿಲ್ಲ.

"ಆ ಹೆಂಗಸಿಗೆ ನೀರು ಕೊಟ್ಟೆಯೇನೋ?" ಎಂದಳು.

ಮರುದಿನ ನಮ್ಮ ವಸತಿಯ ಕೊಳವೆಬಾವಿಯಿಂದ ಎರಡು ಡ್ರಮ್ಮು ನೀರನ್ನು ಗಾಡಿಯಲ್ಲಿ ಹಾಕಿಸಿಕೊಂಡು ಹಟ್ಟಿಗೆ ಹೋದೆ. ತಾಯಿಯೂ ಬಂದಳು. ಆರು ದಿನ ತಡವಾಗಿದ್ದಿತು. ಅವರು ಅಷ್ಟರಲ್ಲಿ ಒಂದೂವರೆ ಮೈಲಿ ದೂರದ ತೋಟದ ಬಾವಿಯಿಂದ ಹೊರುತ್ತಿದ್ದರು. ಬಿಂದಿಗೆಯ ಹೆಂಗಸು ನನ್ನನ್ನು ಗುರುತಿಸಿದಳೋ ಇಲ್ಲವೋ ತಿಳಿಯದು, ತಾಯಿಯೊಡನೆ ಮಾತ್ರ ಮಾತಾಡಿದಳು. ಹಿಂದಿರುಗುವಾಗ ಸಂಗಮದ ಕೆಳಗಿನ ನೀರನ್ನು ಒಂದು ಸೀಸೆಯಲ್ಲಿ ತುಂಬಿಕೊಂಡು ಬಂದು, ಅದರ ಅಂಕಿಯನ್ನೂ ಬರೆದು, ರುಜು ಹಾಕಿ, ಮೇಲಿನವರ ಮೇಜಿನ ಮೇಲೆ ಇಟ್ಟೆ. ಆ ಕಾಗದ ಮುಂದೆ ಎಲ್ಲಿಗೂ ಹೋಗಲಿಲ್ಲ. ಹತ್ತು ತಿಂಗಳ ಮೇಲೆ ನಾನು ಆ ಕೆಲಸ ಬಿಟ್ಟೆ.

ಬಿಟ್ಟು ಹೋದದ್ದಾದರೂ ಎಲ್ಲಿಗೆ? ಬೇಕರಿಗಳಿಗೆ ಯೀಸ್ಟು ತಯಾರಿಸುವ ಒಂದು ಕಾರ್ಖಾನೆಗೆ. ಅಲ್ಲಿಯೂ ಕಾಕಂಬಿಯೇ, ಅದೇ ಯೀಸ್ಟೇ. ಆದರೆ ಒಂದು ವ್ಯತ್ಯಾಸ. ಗಾಳಿಯಿಲ್ಲದೆಡೆ ಯೀಸ್ಟು ಸಕ್ಕರೆಯನ್ನು ಮದ್ಯಸಾರ ಮಾಡುತ್ತದೆ. ಧಾರಾಳವಾಗಿ ಗಾಳಿ ಊದಿದರೆ ಮದ್ಯಸಾರವನ್ನು ಬಿಟ್ಟು ತನ್ನ ಮೈಯನ್ನೇ ಬೆಳೆಸಿಕೊಳ್ಳುತ್ತದೆ. ಇದನ್ನು ಕಂಡವರೂ ಪಾಶ್ಚರರೇ. ಗಾಳಿಯೊಂದೇ ಸಾಲದು. ಸಕ್ಕರೆಯನ್ನು ಒಮ್ಮೆಗೇ ಸುರಿದರೆ ಗಾಳಿಯಿದ್ದರೂ ಅದು ಹಳೆಯ ಚಾಳಿಗೆ ಬೀಳುತ್ತದೆ. ಆದ್ದರಿಂದ ಕೂಸಿಗೆ ಒಳಲೆಯಲ್ಲಿ ಹಾಲು ಹಾಕುವಂತೆ ಕಾಕಂಬಿಯನ್ನು ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನರು ಹೀಗೆಯೇ ಕಾಕಂಬಿಯಿಂದಲೂ ಅಮೋನಿಯದ ಲವಣಗಳಿಂದಲೂ ದನಗಳ ಮೇವಿಗೆ ಯೀಸ್ಟು ಬೆಳೆಸಿದರು. ಒಣ ಯೀಸ್ಟಿನಲ್ಲಿ ಅರ್ಧದ ಹತ್ತಿರ ಪ್ರೋಟೀನೇ ಇರುತ್ತದೆ. ಎರಡನೆಯ ಯುದ್ಧದಲ್ಲಿ ಇಂಗ್ಲಿಷರು ಥೇಸನ್ ಎಂಬ ವಿಜ್ಞಾನಿಯ ಸಲಹೆಯಂತೆ ಜಮೈಕದಲ್ಲಿ ಟೊರುಲ ಎಂಬ ಜಾತಿಯ ಯೀಸ್ಟನ್ನು ಮನುಷ್ಯರ ಆಹಾರಕ್ಕೆಂದೇ ಬೆಳೆಸಲು ಕಾರ್ಖಾನೆ ಹೂಡಿದರು. ಅದರಿಂದ ಹಸಿವು ನೀಗಲಿಲ್ಲ. ಯೀಸ್ಟನ್ನು ಹೆಚ್ಚಾಗಿ ತಿಂದರೆ ರಕ್ತದಲ್ಲಿ ಯೂರಿಕ್ ಆಮ್ಲ ಏರುತ್ತದೆ, ರುಚಿಯೂ ಅಷ್ಟಕ್ಕಷ್ಟೆ. ದನ, ಕೋಳಿ, ಮೀನುಗಳು ಮಾತ್ರ ಯಾವ ತಕರಾರನ್ನೂ ಮಾಡದೆ ತಿಂದುಕೊಂಡಿವೆ.

ತಾಯಿ ನನ್ನ ಅಂಗಿಗಳನ್ನು ಮತ್ತೆ ಎಲ್ಲರ ಬಟ್ಟೆಗಳೊಡನೆ ಒಗೆಯತೊಡಗಿದಳು. ಬ್ರೆಡ್ಡನ್ನು ಮಾತ್ರ ಕೊನೆಯವರೆಗೂ ತಿನ್ನಲಿಲ್ಲ. ಒಮ್ಮೆ ಅವಳಿಗೆ ಬಾಯಿಹುಣ್ಣಾಗಿ ವೈದ್ಯರು ಕೆಲವು ಕಂದುಬಣ್ಣದ ಮಾತ್ರೆಗಳನ್ನು ಬರೆದುಕೊಟ್ಟರು. ಒಣಗಿಸಿದ ಯೀಸ್ಟೇ ಅದು, ಬಿ ಜೀವಸತ್ತ್ವಗಳಿಗೆಂದು ಕೊಡುವುದು. ನನಗೆ ತಿಳಿದಿತ್ತು, ಹೇಳಲಿಲ್ಲ. ಹುಣ್ಣು ವಾಸಿಯಾಯಿತು. 1996ರಲ್ಲಿ ಅವಳು ಹೋದಳು. ಈ ಒಂದು ಮೋಸವನ್ನು ಅವಳಿಗೆ ತಿಳಿಸದೆಯೇ ಉಳಿಸಿಕೊಂಡೆನೆಂಬುದು ಈಗಲೂ ಒಮ್ಮೊಮ್ಮೆ ಚುಚ್ಚುತ್ತದೆ.

ನಾನು ನಿವೃತ್ತನಾದ 2007ರಲ್ಲಿಯೇ, ಜುಲೈ 1ರಿಂದ, ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಹೋದ ಜಾಗಕ್ಕೆ ಬೇರೆ ಸೀಸೆಗಳು ಬಂದವು, ಅದು ಬೇರೆಯ ಮಾತು. 2020ರ ಮಾರ್ಚಿಯಲ್ಲಿ ಕೊರೋನಾ ಹರಡಿದಾಗ ಡಿಸ್ಟಿಲರಿಗಳು ಕೈಗೆ ಹಚ್ಚುವ ಸ್ಯಾನಿಟೈಸರ್ ತಯಾರಿಸಿದವು. ನಮ್ಮ ಮನೆಯ ಹೊಸಿಲಿನ ಬಳಿಯೂ ಒಂದು ಸೀಸೆ ನಿಂತಿತು. ಒಳಗೆ ಬರುವವರೆಲ್ಲ ಕೈಗೆ ಸುರಿದುಕೊಂಡು ಉಜ್ಜುವಾಗ ನಾನು ಮೂಗಿನಿಂದ ಗುರುತಿಸಿದೆ, ಅದು ಕಾಕಂಬಿಯದೇ. ತಾಯಿ ದಾಟಗೊಡದಿದ್ದ ಹೊಸಿಲನ್ನು ಅದು ಕಾಯುವ ಕಾಲ ಬಂದಿದ್ದಿತು.

ಈಗಂತೂ ಮದ್ಯಸಾರದ ದೊಡ್ಡ ಗಿರಾಕಿ ಮೋಟಾರುಗಾಡಿ. 1948ರಷ್ಟು ಹಿಂದೆಯೇ ಪೆಟ್ರೋಲಿಗೆ ಅದನ್ನು ಬೆರಸುವ ಸಲುವಾಗಿ ದೇಶದಲ್ಲಿ ಶಾಸನವೊಂದಾಗಿತ್ತು. ಅದು ಹೆಚ್ಚು ನಡೆಯಲಿಲ್ಲ. 2023ರ ಫೆಬ್ರವರಿ 6ರಂದು ನಮ್ಮ ಬೆಂಗಳೂರಿನಲ್ಲಿಯೇ ಶೇಕಡ 20 ಬೆರಕೆಯ ಪೆಟ್ರೋಲಿನ ಮಾರಾಟ ಆರಂಭವಾಯಿತು. ಕಾಕಂಬಿಯೊಂದೇ ಅಷ್ಟಕ್ಕೆ ಸಾಲದೆ ಈಗ ಕಬ್ಬಿನ ರಸ, ಅಕ್ಕಿ, ಮೆಕ್ಕೆಜೋಳಗಳೂ ತೊಟ್ಟಿಗೆ ಹೋಗುತ್ತಿವೆ. ಕಸ ಮುಗಿದು ಕಾಳಿಗೇ ಕೈಯಿಟ್ಟದ್ದು ನನ್ನಂತಹ ಹಳಬನಿಗೆ ಅಷ್ಟಾಗಿ ಹಿಡಿಸುವುದಿಲ್ಲ. ಹರಿಯಾಣದ ಪಾಣಿಪತ್ತಿನಲ್ಲಿ 2022ರ ಆಗಸ್ಟಿನಲ್ಲಿ ಉದ್ಘಾಟನೆಯಾದ ಕಾರ್ಖಾನೆ, ಹೊಲದಲ್ಲಿ ಸುಡುವ ಭತ್ತದ ಹುಲ್ಲಿನಿಂದ ಮದ್ಯಸಾರ ಮಾಡಲು ಹೊರಟದ್ದು. ಅದು ನನ್ನ ಮನಸ್ಸಿಗೆ ಹತ್ತಿರವಾದ ಕೆಲಸ, ಆದರೆ ಸುಲಭದ್ದಲ್ಲ. ಹುಲ್ಲಿನೊಳಗಿನ ಸೆಲ್ಯುಲೋಸನ್ನು ಯೀಸ್ಟು ಮುಟ್ಟುವುದೂ ಇಲ್ಲ. ಮೊದಲು ಆಮ್ಲ, ಹಬೆ, ಕಿಣ್ವಗಳಿಂದ ಅದನ್ನು ಒಡೆದು ಸಕ್ಕರೆ ಮಾಡಿ ಉಣಬಡಿಸಬೇಕು.

ಕಲಗಚ್ಚಿಗೂ ದಾರಿ ಸಿಕ್ಕಿದೆ. ಮುಚ್ಚಿದ ತೊಟ್ಟಿಯಲ್ಲಿ ಗಾಳಿ ಸೋಂಕದಂತೆ ಬ್ಯಾಕ್ಟೀರಿಯಗಳಿಗೆ ಕೊಟ್ಟರೆ ಅದರಿಂದ ಉರಿಯುವ ಅನಿಲ ಬರುತ್ತದೆ, ಬಾಯ್ಲರಿನ ಸೌದೆ ಉಳಿಯುತ್ತದೆ. ಉಳಿದದ್ದನ್ನು ಸಕ್ಕರೆ ಗಿರಣಿಯ ಮಡ್ಡಿಯೊಡನೆ ಬೆರಸಿ ಗೊಬ್ಬರ ಮಾಡುತ್ತಾರೆ. ಇಲ್ಲವೆ ಹಿಂಗಿಸಿ ಸುಟ್ಟು, ಬೂದಿಯಿಂದ ಪೊಟ್ಯಾಷು ತೆಗೆಯುತ್ತಾರೆ. ಕಬ್ಬು ನೆಲದಿಂದ ಹೀರಿದ ಪೊಟ್ಯಾಷೇ ಅದು. ಹೊಳೆಗೆ ಒಂದು ಹನಿಯನ್ನೂ ಬಿಡಕೂಡದೆಂದು 2003ರಲ್ಲಿ ಡಿಸ್ಟಿಲರಿಗಳ ಮೇಲೆ ನಿಯಮ ಬಂದಿತು. ಇವುಗಳಲ್ಲಿ ಅನೇಕ ಸಂಗತಿಗಳು 1983ರಲ್ಲಿಯೂ ಪುಸ್ತಕಗಳಲ್ಲಿದ್ದವು. ನಾನು ಓದಿದ್ದೆ.

"ತಾತ, ಹಿಟ್ಟು ನೋಡು!" ಎಂಬ ಕೂಗು ಕೇಳಿ ಎದ್ದುಹೋದೆ. ಒದ್ದೆ ಬಟ್ಟೆಯಡಿ ಹಿಟ್ಟು ಎರಡರಷ್ಟಾಗಿ ಉಬ್ಬಿ, ಬೋಗುಣಿಯ ಅಂಚನ್ನು ಮುಟ್ಟಿದ್ದಿತು. ಅವಳು ಅದಕ್ಕೆ ಒಂದು ಗುದ್ದು ಕೊಟ್ಟು, ಉಸ್ಸೆಂದು ಇಳಿಯುವುದನ್ನು ನೋಡಿ ನಕ್ಕಳು. ಸುಟ್ಟ ಬ್ರೆಡ್ಡಿನ ತಳ ಸ್ವಲ್ಪ ಕರಿಯಾಗಿದ್ದಿತು, ಆದರೂ ಚೆನ್ನಾಗಿದ್ದಿತು. ಊಟದ ಮೇಲೆ ಪಾತ್ರೆ ತೊಳೆಯುವುದೂ ತನ್ನದೇ ಕೆಲಸವೆಂದು ಹಿಟ್ಟು ಮೆತ್ತಿದ ಬೋಗುಣಿಗೆ ನೀರು ಹಾಕಿ ಕದಡಿ, ಬಿಳುಪಾದ ಆ ನೀರನ್ನು ಎತ್ತಿಕೊಂಡು ಮೋರಿಯ ಬಳಿ ನಿಂತು, ಏಕೋ ನನ್ನ ಕಡೆ ತಿರುಗಿ, "ಇದನ್ನು ಎಲ್ಲಿ ಚೆಲ್ಲಲಿ ತಾತ?" ಎಂದು ಕೇಳಿದಳು.

ಬೋಗುಣಿಯನ್ನು ಅವಳ ಕೈಯಿಂದ ತೆಗೆದುಕೊಂಡು ಹಿತ್ತಿಲಿಗೆ ಹೋಗಿ, ಕರಿಬೇವಿನ ಗಿಡದ ಬುಡಕ್ಕೆ ಹೊಯ್ದು ಬಂದೆ.